ಸೂರತ್ತಿನ ಬಡಗಿ ಮನೆತನದ ಚೀಫ್ ಎಂಜಿನಿಯರ್

1830ರ ಮಾರ್ಚ್ 20ರಂದು ‘ಹ್ಯೂ ಲಿಂಡ್ಸೆ’ ಎಂಬ ಉಗಿಹಡಗು ಮುಂಬಯಿಯಿಂದ ಸೂಯೆಜ್ ಕಡೆಗೆ ಹೊರಟಾಗ ಅದರ ಮೈತುಂಬ ಕಲ್ಲಿದ್ದಲು. ಉಗ್ರಾಣ ತುಂಬಿದ ಮೇಲೆ ಕ್ಯಾಬಿನ್ನುಗಳಲ್ಲಿ ಸುರಿದರು, ಅಲ್ಲೂ ಸಾಲದೆ ಡೆಕ್ಕಿನ ಮೇಲೆ ಪೇರಿಸಿದರು. 411 ಟನ್ನಿನ ಈ ಹಡಗನ್ನು ಕಟ್ಟಿದ್ದು ಮುಂಬಯಿಯ ಗೋದಿಯಲ್ಲೇ, ಅಂದರೆ ಹಡಗು ಕಟ್ಟೆಯಲ್ಲೇ. ಐದೂವರೆ ದಿನಕ್ಕಾಗುವಷ್ಟು ಕಲ್ಲಿದ್ದಲು ಹಿಡಿಸುವಂತೆ ಅದನ್ನು ರೂಪಿಸಿದ್ದರು. ಆದರೆ ನಡುವೆ ಇಂಧನ ಸಿಗುವ ಮೊದಲ ಜಾಗ ಏಡನ್, 1,600 ಮೈಲಿಗೂ ಆಚೆ. ಹನ್ನೊಂದನೆಯ ದಿನ ಏಡನ್ ಮುಟ್ಟಿದಾಗ ಹಡಗಿನಲ್ಲಿ ಉಳಿದಿದ್ದು ಆರು ಗಂಟೆ ಉರಿಸುವಷ್ಟು ಕಲ್ಲಿದ್ದಲು ಮಾತ್ರ. ಒಟ್ಟು 33 ದಿನಗಳ ಪಯಣದಲ್ಲಿ ಸುಮಾರು 12 ದಿನ ಕಲ್ಲಿದ್ದಲು ತುಂಬಿಸುವುದರಲ್ಲೇ ಹೋಯಿತು.

ಆದರೂ ಈಸ್ಟ್ ಇಂಡಿಯಾ ಕಂಪನಿಗೆ ಇದು ದೊಡ್ಡ ಸುದ್ದಿ. ಆಫ್ರಿಕದ ತುದಿಯನ್ನು ಸುತ್ತಿ ಹಾಯಿ ಹಡಗಿನಲ್ಲಿ ಹೋಗುವ ಕಾಗದ ಲಂಡನ್ ಸೇರಲು ನಾಲ್ಕೈದು ತಿಂಗಳು ಹಿಡಿಯುತ್ತಿದ್ದ ಕಾಲ ಅದು. ಕೆಂಪು ಸಮುದ್ರದ ದಾರಿಯಲ್ಲಿ ಉಗಿಹಡಗು ಓಡಿದರೆ ಆ ಅವಧಿ ಅರ್ಧಕ್ಕಿಂತ ಕಡಿಮೆಯಾಗುವಂತಿತ್ತು. ಹಡಗು ಒಮ್ಮೆ ಹೋಗಿ ಬಂದದ್ದು ಸಾಹಸ, ಸರಿ. ತಿಂಗಳು ತಿಂಗಳೂ ಹೇಳಿದ ದಿನಕ್ಕೆ ಹೊರಡಬೇಕೆಂದರೆ ಅದಕ್ಕೆ ಬೇರೆಯದೇ ಸಿದ್ಧತೆ ಬೇಕು. ಆ ಸಿದ್ಧತೆಯನ್ನು ಮುಂದೆ ಹದಿನಾರು ವರ್ಷ ಮುಂಬಯಿಯಲ್ಲಿ ನೋಡಿಕೊಂಡವರು, ಹ್ಯೂ ಲಿಂಡ್ಸೆ ಹೊರಟ ದಿನ ಅದೇ ಗೋದಿಯಲ್ಲಿ ಕೆಲಸ ಕಲಿಯುತ್ತಿದ್ದ ಇಪ್ಪತ್ತೊಂದು ವಯಸ್ಸಿನ ಪಾರ್ಸಿ ತರುಣ, ಅರ್ದೇಶೀರ್ ಕರ್ಸೆಟ್‌ಜಿ ವಾಡಿಯಾ.

ಹಾಯಿ ಹಡಗಿಗೆ ಬೇಕಾದುದು ಗಾಳಿ, ಹಗ್ಗ, ಬಟ್ಟೆ, ಮರ. ಇವೆಲ್ಲ ದಾರಿಯ ಯಾವ ಬಂದರಿನಲ್ಲೂ ಸಿಗುತ್ತವೆ. ಹಾಯಿಕಂಬ ಮುರಿದರೆ ಹಡಗಿನ ಬಡಗಿಯೇ ಇನ್ನೊಂದು ಕೆತ್ತಿ ನಿಲ್ಲಿಸುತ್ತಾನೆ. ಉಗಿಹಡಗಿನ ಸಂಗತಿ ಹಾಗಲ್ಲ. ಅದರ ಕಲ್ಲಿದ್ದಲು ಇಂಗ್ಲೆಂಡಿನಿಂದ, ಅದೂ ಹಾಯಿ ಹಡಗಿನಲ್ಲಿ, ಆಫ್ರಿಕವನ್ನು ಬಳಸಿಕೊಂಡು ಬರಬೇಕು. ಬಾಯ್ಲರಿಗೆ ಊಡುವುದು ಸಮುದ್ರದ ನೀರನ್ನೇ. ಬೋರ್‌ವೆಲ್ ನೀರು ಕಾಯಿಸಿ ಕಾಯಿಸಿ ಹಂಡೆಯ ಒಳಗೆ ಬಿಳಿ ಪದರ ಕಟ್ಟುವುದನ್ನು ನಾವೆಲ್ಲ ಕಂಡಿದ್ದೇವೆ. ಸಮುದ್ರದ ನೀರು ಕುದಿಯುವ ಬಾಯ್ಲರಿನಲ್ಲಿ ಅದೇ ಪದರ ದಿನಗಳಲ್ಲಿ ಕಟ್ಟುತ್ತದೆ. ಅದು ದಪ್ಪವಾದಷ್ಟೂ ನೀರಿಗೆ ಬಿಸಿ ತಾಗುವುದಿಲ್ಲ, ಕಲ್ಲಿದ್ದಲು ಹೆಚ್ಚು ತಿನ್ನುತ್ತದೆ, ಕೆಳಗಿನ ಕಬ್ಬಿಣದ ತಗಡು ಕೆಂಪಗೆ ಕಾದು ಉಬ್ಬುತ್ತದೆ. ಆದ್ದರಿಂದ ಆಗಾಗ ಉಪ್ಪು ಗಟ್ಟಿಯಾದ ನೀರನ್ನು ಹೊರಬಿಡಬೇಕು. ಬಂದರಿಗೆ ಬಂದಾಗಲೆಲ್ಲ ಒಳಗಿಳಿದು ಪದರವನ್ನು ಕೆತ್ತಿ ತೆಗೆಯಬೇಕು. ಅಷ್ಟು ಮಾಡಿದರೂ ಕೆಲವೇ ವರ್ಷಗಳಲ್ಲಿ ಬಾಯ್ಲರ್ ಸವೆದು ಹೋಗಿ ಹೊಸದು ಕೂರಿಸಬೇಕಾಗುತ್ತದೆ. ಒಂದು ದಂಡ ಮುರಿದರೆ, ಒಂದು ಕವಾಟ ಸೀಳಿದರೆ, ಇಂಗ್ಲೆಂಡಿಗೆ ಬರೆದು ತರಿಸಲು ಹೋಗುವ ತಿಂಗಳುಗಳಲ್ಲಿ ಹಡಗು ಬಂದರಿನಲ್ಲಿ ಕೊಳೆಯುತ್ತದೆ. ಹಾಗಾಗಿ ಎರಕ ಹೊಯ್ಯುವ, ಲೇತಿನಲ್ಲಿ ಕಡೆಯುವ, ತಗಡು ಬೆಸೆಯುವ ಕಾರ್ಖಾನೆ ಮುಂಬಯಿಯಲ್ಲೇ ಬೇಕಿತ್ತು. ಯಾವ ಹಡಗು ಹೊರಡಲು ಯೋಗ್ಯ, ಯಾವುದು ಅಲ್ಲ ಎಂದು ಧೈರ್ಯವಾಗಿ ಹೇಳಬಲ್ಲ ಒಬ್ಬ ಮನುಷ್ಯನೂ ಬೇಕಿತ್ತು. ಕಂಪನಿಯವರು 1839ರ ಜನವರಿಯಲ್ಲಿ ಏಡನ್ನನ್ನು ವಶಪಡಿಸಿಕೊಂಡದ್ದರ ಹಿಂದೆ ಇದ್ದ ದೊಡ್ಡ ಕಾರಣಗಳಲ್ಲೊಂದು ಈ ಕಲ್ಲಿದ್ದಲಿನ ಲೆಕ್ಕ. ಬಂದೂಕಿನಿಂದ ಬಂದರು ಸಿಕ್ಕಿತು, ಆದರೆ ಬಾಯ್ಲರಿಗೆ ಬೇಕಾದ ಮನುಷ್ಯ ಸೂರತ್ತಿನ ಮರಗೆಲಸದವರ ಕುಲದಿಂದ ಬರಬೇಕಾಯಿತು.

ಸೂರತ್ ಎಂದರೆ ಇಂದು ವಜ್ರ, ಜರಿ, ಸೀರೆ. ಹದಿನೇಳನೆಯ ಶತಮಾನದಲ್ಲಿ ಅದು ಮೊಗಲರ ಹೆಬ್ಬಾಗಿಲು. ಮೆಕ್ಕಾ ಯಾತ್ರಿಗಳು ಹಡಗು ಹತ್ತುತ್ತಿದ್ದುದು ಅಲ್ಲಿಂದ. 1695ರಲ್ಲಿ ಇಂಗ್ಲಿಷ್ ಕಡಲ್ಗಳ್ಳರು ದೋಚಿದ ಔರಂಗಜೇಬನ ‘ಗಂಜ್-ಇ-ಸವಾಯಿ’ ಸೂರತ್ತಿಗೆ ಮರಳುತ್ತಿದ್ದ ಹಡಗು. ತಾಪಿ ನದಿಯ ದಡದಲ್ಲಿ ಪಾರ್ಸಿ ಬಡಗಿಗಳು ಕಟ್ಟುತ್ತಿದ್ದ ಹಡಗುಗಳ ಗಟ್ಟಿತನವನ್ನು ಯುರೋಪಿನ ಪ್ರವಾಸಿಗಳು ಕೊಂಡಾಡಿದ್ದಾರೆ. ಹಲಗೆಯ ಅಂಚನ್ನು ತೋಡಿ ಪಕ್ಕದ ಹಲಗೆಯನ್ನು ಅದರೊಳಗೆ ಕೂರಿಸಿ, ನಡುವೆ ಹತ್ತಿಯನ್ನೂ ರಾಳವನ್ನೂ ತುಂಬಿ ನೀರು ಜಿನುಗದಂತೆ ಬಿಗಿಯುವುದು ಅವರ ಪದ್ಧತಿ. ತಾಪಿಯಲ್ಲಿ ಹೂಳು ತುಂಬುತ್ತ ಬಂತು, ವ್ಯಾಪಾರ ಮುಂಬಯಿಗೆ ಸರಿಯುತ್ತ ಹೋಯಿತು. 1736ರಲ್ಲಿ ಲವ್‌ಜಿ ನುಸ್ಸೆರ್‌ವಾನ್‌ಜಿ ಎಂಬ ಮೇಸ್ತ್ರಿ ಕಂಪನಿಯ ಕರೆಯ ಮೇರೆಗೆ ಹತ್ತು ಮಂದಿ ಬಡಗಿಗಳನ್ನು ಕಟ್ಟಿಕೊಂಡು ಸೂರತ್ ಬಿಟ್ಟು ಮುಂಬಯಿಗೆ ಬಂದರು. 1750ರಲ್ಲಿ ಅಲ್ಲಿ ಒಣಗೋದಿ ಸಿದ್ಧವಾಯಿತು. ಲವ್‌ಜಿಯವರ ವಂಶಕ್ಕೆ ಕಸುಬಿನಿಂದಲೇ ವಾಡಿಯಾ ಎಂಬ ಹೆಸರು ನಿಂತಿತು. ಮುಂದಿನ ನೂರೈವತ್ತು ವರ್ಷ ಆ ಗೋದಿಯ ಮುಖ್ಯ ಮೇಸ್ತ್ರಿಕೆ ಈ ಮನೆತನದ ಕೈ ಬಿಡಲಿಲ್ಲವೆಂದರೂ ನಡೆದೀತು.

ಈ ಹಡಗುಗಳಲ್ಲಿ ನಮ್ಮ ನೆಲದ ಪಾಲೂ ಇದೆ. ಮುಂಬಯಿ ಗೋದಿಗೆ ತೇಗದ ಮರ ಹೋಗುತ್ತಿದ್ದುದು ಮಲಬಾರಿನಿಂದ ಮತ್ತು ಕೆನರಾದ ಕಾಡುಗಳಿಂದ. ಘಟ್ಟದ ಮೇಲೆ ಕಡಿದ ದಿಮ್ಮಿಗಳನ್ನು ಕಾಳಿ ನದಿಯಲ್ಲಿ ತೇಲಿಬಿಟ್ಟು ಸದಾಶಿವಗಡದ ಬಳಿ ಹಿಡಿದು, ಅಲ್ಲಿಂದ ಕಡಲ ದಾರಿಯಲ್ಲಿ ಒಯ್ಯುತ್ತಿದ್ದರು. ಇದೇ ತೇಗವನ್ನು ನಂಬಿ ಟಿಪ್ಪು ಸುಲ್ತಾನ್ 1796ರಲ್ಲಿ ನಲವತ್ತು ಯುದ್ಧನೌಕೆಗಳನ್ನು ಕಟ್ಟಲು ಆಜ್ಞೆ ಹೊರಡಿಸಿ, ಮಂಗಳೂರು ಸೇರಿದಂತೆ ಕರಾವಳಿಯ ಮೂರು ಕಡೆ ಗೋದಿಗಳನ್ನು ಯೋಜಿಸಿದ್ದರು. ಮೂರೇ ವರ್ಷದಲ್ಲಿ ಶ್ರೀರಂಗಪಟ್ಟಣ ಬಿತ್ತು, ಆ ಕನಸು ಅಲ್ಲಿಗೇ ನಿಂತಿತು. ಮರ ಮಾತ್ರ ಮುಂಬಯಿಗೆ ಹೋಗುತ್ತಲೇ ಇತ್ತು. ತೇಗಕ್ಕೆ ಓಕ್ ಮರಕ್ಕಿಲ್ಲದ ಗುಣವೊಂದಿದೆ: ಅದರಲ್ಲಿರುವ ಎಣ್ಣೆಯಂಶ ಮರ ಕೊಳೆಯದಂತೆಯೂ, ಬಡಿದ ಕಬ್ಬಿಣದ ಮೊಳೆ ತುಕ್ಕು ಹಿಡಿಯದಂತೆಯೂ ಕಾಯುತ್ತದೆ. ಜಮ್‌ಶೆಟ್‌ಜಿ ಬೊಮನ್‌ಜಿ ವಾಡಿಯಾ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೊಮಲಿ’ ಇವತ್ತಿಗೂ ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್‌ನಲ್ಲಿ ತೇಲುತ್ತಿದೆ. 1842ರಲ್ಲಿ ಅಫೀಮು ಯುದ್ಧದ ಕೊನೆಗೆ ಚೀನಾ ಹಾಂಗ್‌ಕಾಂಗನ್ನು ಬಿಟ್ಟುಕೊಟ್ಟ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಇದೇ ಮನೆತನ ಕಟ್ಟಿದ ‘ಕಾರ್ನ್‌ವಾಲಿಸ್’ ಹಡಗಿನಲ್ಲಿ.

ಇಂಥ ಮನೆಯಲ್ಲಿ 1808ರ ಅಕ್ಟೋಬರ್ 6ರಂದು ಅರ್ದೇಶೀರ್ ಹುಟ್ಟಿದರು. ಹದಿನಾಲ್ಕನೆಯ ವಯಸ್ಸಿಗೆ, 1822ರಲ್ಲಿ, ಗೋದಿಯ ಕೆಲಸಕ್ಕೆ ಸೇರಿದರು. ತಂದೆ ಕರ್ಸೆಟ್‌ಜಿ ರುಸ್ತುಂಜಿ ಮುಂದೆ ಮುಖ್ಯ ಮೇಸ್ತ್ರಿಯಾದವರು. ಮಗನೂ ಉಳಿ, ಬಾಚಿ ಹಿಡಿದು ಅದೇ ಮೆಟ್ಟಿಲು ಹತ್ತಬಹುದಿತ್ತು. ಜೀವನ ನಿಶ್ಚಿಂತೆಯಿಂದ ಕಳೆಯುತ್ತಿತ್ತು. ಅವರ ಮನಸ್ಸು ಉಗಿಯಂತ್ರದ ಕಡೆ ಹರಿಯಿತು. ಯಂತ್ರಶಾಸ್ತ್ರದ ಶಾಲೆ ಮುಂಬಯಿಯಲ್ಲಿ ಇರಲಿಲ್ಲ. ಇಂಗ್ಲಿಷ್ ಕಲಿತು, ಪುಸ್ತಕ ತರಿಸಿಕೊಂಡು ಓದಿ, ಓದಿದ್ದನ್ನು ಮನೆಯ ಅಂಗಳದಲ್ಲಿ ಮಾಡಿ ನೋಡುವುದು ಅವರು ಕಂಡುಕೊಂಡ ದಾರಿ. ಮಜಗಾಂವ್‌ನ ಬಂಗಲೆಯ ಬಾವಿಗೆ ಸಣ್ಣ ಉಗಿಯಂತ್ರ ಕೂರಿಸಿ ತೋಟಕ್ಕೆ ನೀರೆತ್ತಿಸಿದರು. ಮನೆಯಲ್ಲೇ ಸಣ್ಣ ಎರಕದ ಕುಲುಮೆ ಕಟ್ಟಿಸಿದರು. 1833ರಲ್ಲಿ ‘ಇಂಡಸ್’ ಎಂಬ 60 ಟನ್ನಿನ ಹಡಗನ್ನು ತಾವೇ ವಿನ್ಯಾಸ ಮಾಡಿ, ಕಟ್ಟಿ, ಉಗಿ ಎಂಜಿನ್ ಜೋಡಿಸಿದರು. ಮರು ವರ್ಷ ಅದೇ ಬಂಗಲೆಯನ್ನೂ ತೋಟವನ್ನೂ ಗ್ಯಾಸ್ ದೀಪಗಳಿಂದ ಬೆಳಗಿಸಿದರು. ನೋಡಲು ಗವರ್ನರ್ ಅರ್ಲ್ ಆಫ್ ಕ್ಲೇರ್ ಸ್ವತಃ ಬಂದಿದ್ದರು. ಮುಂಬಯಿಯ ಬೀದಿಗಳಿಗೆ ಗ್ಯಾಸ್ ದೀಪ ಬಂದದ್ದು 1860ರ ದಶಕದಲ್ಲಿ. ಕಲ್ಲಿದ್ದಲಿನಿಂದ ಗ್ಯಾಸ್ ತೆಗೆಯುವ ಪಾತ್ರೆ, ಅದನ್ನು ತೊಳೆಯುವ ತೊಟ್ಟಿ, ಕೊಳವೆ ಎಲ್ಲವನ್ನೂ ಊರಿನ ಕೆಲಸಗಾರರಿಂದಲೇ ಮಾಡಿಸಿದ್ದರು ಎನ್ನುವುದು ನನಗೆ ದೀಪಕ್ಕಿಂತ ದೊಡ್ಡ ಸಾಧನೆಯಾಗಿ ಕಾಣುತ್ತದೆ. ಯಂತ್ರ ಗೊತ್ತಿರುವುದು ಒಂದು ವಿದ್ಯೆ. ಆ ಯಂತ್ರವನ್ನು ಎಂದೂ ಕಂಡಿರದ ನಾಲ್ಕು ಜನರ ಕೈಯಲ್ಲಿ ಅದನ್ನು ಮಾಡಿಸುವುದು ಬೇರೆಯೇ ವಿದ್ಯೆ. ಆಡಳಿತಗಾರನೊಬ್ಬ ಅವರಲ್ಲಿ ಮೊದಲು ಕಾಣಿಸಿಕೊಂಡದ್ದು ಈ ಅಂಗಳದಲ್ಲೇ.

1839ರಲ್ಲಿ ಅವರು ಇಂಗ್ಲೆಂಡಿಗೆ ಹೊರಟರು. ಕೆಂಪು ಸಮುದ್ರದವರೆಗೆ ಉಗಿಹಡಗು, ಅಲ್ಲಿಂದ ಈಜಿಪ್ಟಿನ ಮರಳುಗಾಡು, ಮತ್ತೆ ಮೆಡಿಟರೇನಿಯನ್ ಸಮುದ್ರ. ಸೂಯೆಜ್ ಕಾಲುವೆ ತೆರೆಯಲು ಇನ್ನೂ ಮೂವತ್ತು ವರ್ಷವಿತ್ತು. ಒಂದು ವರ್ಷ ಅಲ್ಲಿದ್ದು ಹಡಗು ಕಟ್ಟೆಗಳನ್ನು, ಎಂಜಿನ್ ಕಾರ್ಖಾನೆಗಳನ್ನು, ರೈಲನ್ನು ನೋಡಿ ಕಲಿತರು. ಆ ಪಯಣದ ಮತ್ತು ವಾಸದ ದಿನಚರಿ 1840ರಲ್ಲಿ ಲಂಡನ್ನಿನಲ್ಲೇ ಪುಸ್ತಕವಾಗಿ ಅಚ್ಚಾಯಿತು. ಅದೇ ಸುಮಾರಿಗೆ ಅವರ ಬಂಧುಗಳಾದ ಜಹಾಂಗೀರ್ ನೌರೋಜಿ ಮತ್ತು ಹಿರ್ಜಿಭಾಯಿ ಮೆರ್ವಾನ್‌ಜಿ ಚ್ಯಾಟಮ್‌ನ ಸರ್ಕಾರಿ ಗೋದಿಯಲ್ಲಿ ಹಡಗು ಕಟ್ಟುವ ವಿದ್ಯೆ ಕಲಿಯುತ್ತಿದ್ದರು. ಅವರೂ ಪುಸ್ತಕ ಬರೆದರು. ಒಂದೇ ಮನೆತನದ ಮೂವರು ತರುಣರು ಒಂದೇ ಹೊತ್ತಿನಲ್ಲಿ ಇಂಗ್ಲೆಂಡಿನಲ್ಲಿ! ಹಾಯಿ ಮತ್ತು ತೇಗದ ಕಾಲ ಮುಗಿಯುತ್ತಿದೆ, ಕಬ್ಬಿಣ ಮತ್ತು ಉಗಿಯ ಕಾಲ ಬರುತ್ತಿದೆ ಎಂಬ ಸುಳಿವು ಆ ಮನೆಗೆ ಎಷ್ಟು ಬೇಗ ಸಿಕ್ಕಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕಂಪನಿಯ ನಿರ್ದೇಶಕರು ಅರ್ದೇಶೀರರನ್ನು ಮುಂಬಯಿಯ ಸ್ಟೀಮ್ ಫ್ಯಾಕ್ಟರಿ ಮತ್ತು ಫೌಂಡ್ರಿಯ ಚೀಫ್ ಎಂಜಿನಿಯರ್ ಹಾಗೂ ಯಂತ್ರಗಳ ಇನ್‌ಸ್ಪೆಕ್ಟರ್ ಆಗಿ ನೇಮಿಸಿದರು. 1841ರಲ್ಲಿ ಅವರು ಅಧಿಕಾರ ವಹಿಸಿಕೊಂಡಾಗ ವಯಸ್ಸು ಮೂವತ್ತೆರಡು. ಅವರ ಕೆಳಗೆ ಕೆಲಸ ಮಾಡಬೇಕಾದವರಲ್ಲಿ ಭಾರತೀಯ ಕುಶಲಕರ್ಮಿಗಳ ಜೊತೆಗೆ ಯುರೋಪಿಯನ್ ಫೋರ್‌ಮನ್‌ಗಳು, ಎಂಜಿನಿಯರುಗಳು, ಬಾಯ್ಲರ್ ಕೆಲಸದವರು ಇದ್ದರು. ಮುಂಬಯಿಯ ಇಂಗ್ಲಿಷ್ ಪತ್ರಿಕೆಯೊಂದು ಇದನ್ನು ಸಹಿಸಲಿಲ್ಲ. ಮನುಷ್ಯ ಎಷ್ಟೇ ಸಮರ್ಥನಾಗಿರಲಿ, ಕಲಿತವನಾಗಿರಲಿ, ಬಿಳಿಯರ ಮೇಲೆ ದೇಶೀಯನೊಬ್ಬನನ್ನು ಕೂರಿಸುವುದು ಸರಿಯೇ ಎಂದು ಅದು ಕೇಳಿತು. ಸಾಮರ್ಥ್ಯದ ಬಗ್ಗೆ ತಕರಾರಿಲ್ಲ, ಕುರ್ಚಿಯ ಬಗ್ಗೆ ಮಾತ್ರ ತಕರಾರು. ಆ ಕುರ್ಚಿಯಲ್ಲಿ ಅರ್ದೇಶೀರ್ 1857ರ ಆಗಸ್ಟ್‌ವರೆಗೆ ಕೂತರು.

‘ಯಂತ್ರಗಳ ಇನ್‌ಸ್ಪೆಕ್ಟರ್’ ಎಂಬ ಹುದ್ದೆಯ ಹೆಸರಿನ ಹಿಂದೆ ಇದ್ದ ಕೆಲಸವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅಂಚೆ ಹಡಗಿನ ದಿನ ಗೊತ್ತಾಗಿರುತ್ತದೆ. ಪ್ರಯಾಣಿಕರು ಹಣ ಕಟ್ಟಿರುತ್ತಾರೆ, ಸರ್ಕಾರದ ಕಾಗದಪತ್ರಗಳ ಚೀಲ ಮೊಹರಾಗಿರುತ್ತದೆ. ಕ್ಯಾಪ್ಟನ್ನಿಗೆ ಹೊರಡುವ ಆತುರ, ನೌಕಾಪಡೆಯ ಅಧಿಕಾರಿಗೆ ಮೇಲಿನವರ ಒತ್ತಡ. ‘ಅಟಲಾಂಟಾ’, ‘ಬೆರೆನೀಸ್’, ‘ಸೆಮಿರಾಮಿಸ್’ ಮುಂತಾದ ಕಂಪನಿ ಹಡಗುಗಳು ಅಂಚೆ ಒಯ್ಯುತ್ತಿದ್ದವು. ಚೀನಾ, ಬರ್ಮಾಗಳಲ್ಲಿ ಯುದ್ಧ ಬಂದಾಗ ಅತ್ತಲೂ ಹೋಗಬೇಕಾಗುತ್ತಿತ್ತು. ಬಾಯ್ಲರಿನ ತಗಡು ತೆಳುವಾಗಿದೆ, ಇನ್ನೊಂದು ಸುತ್ತು ತಾಳುವುದಿಲ್ಲ ಎಂದು ಹೇಳುವವರು ಒಬ್ಬರೇ, ಇನ್‌ಸ್ಪೆಕ್ಟರ್. ಹೇಳಿದ ಮೇಲೆ ಅಷ್ಟೇ ದಿನದಲ್ಲಿ ಅದನ್ನು ಸರಿಪಡಿಸಿ ಕೊಡಬೇಕಾದವರೂ ಅವರೇ. ಎಷ್ಟು ತಾಮ್ರ, ಎಷ್ಟು ತಗಡು, ಎಷ್ಟು ಕಲ್ಲಿದ್ದಲು ಯಾವ ತಿಂಗಳಿಗೆ ಬೇಕೆಂದು ಆರು ತಿಂಗಳ ಮೊದಲೇ ಅಂದಾಜು ಮಾಡಿ ಲಂಡನ್ನಿಗೆ ಬರೆಯಬೇಕು. ಎಂಜಿನಿಯರನಾಗಿ ಕಲಿತದ್ದು ಇಲ್ಲಿ ಆಡಳಿತದ ಕೆಲಸಕ್ಕೆ ಬರುತ್ತದೆ. ಸಮುದ್ರದ ಮೇಲೆ ನೂರಾರು ಜನರ ಜೀವ ಹೊತ್ತ ಯಂತ್ರದ ಬಗ್ಗೆ ‘ಆಗದು’ ಎಂದು ಹೇಳಬೇಕಾದರೆ ಆ ಮಾತಿನ ಹಿಂದೆ ಬಾಯ್ಲರಿನೊಳಗೆ ಇಳಿದು ಬಂದ ಅನುಭವವಿರಬೇಕು.

ಒಂದು ಬಂದರಿನ ಒಬ್ಬ ಮನುಷ್ಯನ ಮೇಲೆ ನಿಂತಿದ್ದ ಈ ಜವಾಬ್ದಾರಿ ಲೋಕಕ್ಕೆಲ್ಲ ಒಂದೇ ನಿಯಮವಾಗಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. 1948ರ ಒಪ್ಪಂದದಿಂದ ಹುಟ್ಟಿ 1959ರಲ್ಲಿ ಲಂಡನ್ನಿನಲ್ಲಿ ಕೆಲಸ ಆರಂಭಿಸಿದ ವಿಶ್ವಸಂಸ್ಥೆಯ ಅಂಗ ಇಂದು ಅಂತರರಾಷ್ಟ್ರೀಯ ಸಾಗರಯಾನ ಸಂಸ್ಥೆ, ಐಎಂಒ. 1990ರಿಂದ 2003ರವರೆಗೆ ಅದರ ಮಹಾಕಾರ್ಯದರ್ಶಿಯಾಗಿದ್ದವರು ಕೆನಡಾದ ಸಿವಿಲ್ ಎಂಜಿನಿಯರ್ ವಿಲಿಯಂ ಓನೀಲ್. ಸೇಂಟ್ ಲಾರೆನ್ಸ್ ಜಲಮಾರ್ಗದಲ್ಲಿ ಕೆಲಸ ಮಾಡಿ, ಕೆನಡಾದ ಕರಾವಳಿ ಕಾವಲು ಪಡೆಯನ್ನು ನಡೆಸಿ, ಆಮೇಲೆ ಲೋಕದ ಹಡಗುಗಳ ಆಡಳಿತಕ್ಕೆ ಬಂದವರು. 1989ರಲ್ಲಿ ‘ಎಕ್ಸಾನ್ ವಾಲ್ಡೀಸ್’ ಅಲಾಸ್ಕಾದ ಕಡಲಿಗೆ ತೈಲ ಚೆಲ್ಲಿದ ಮೇಲೆ, ಅವರ ಅವಧಿಯಲ್ಲಿ, ಹೊಸ ತೈಲ ಹಡಗುಗಳಿಗೆ ಎರಡು ಪದರದ ಒಡಲು ಕಡ್ಡಾಯವಾಯಿತು. 1998ರಿಂದ ಹಡಗು ಕಂಪನಿಯ ದಡದ ಕಚೇರಿಯನ್ನೂ ಸುರಕ್ಷತೆಗೆ ಹೊಣೆಯಾಗಿಸುವ ಸಂಹಿತೆ ಜಾರಿಗೆ ಬಂತು. ಅಪಘಾತವಾದರೆ ಕ್ಯಾಪ್ಟನ್ನಿನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಆಮೇಲೆ ಅಷ್ಟು ಸುಲಭವಾಗಿ ಉಳಿಯಲಿಲ್ಲ.

ಲಂಡನ್ನಿನಲ್ಲಿ ಮಾಡಿದ ಈ ನಿಯಮಗಳ ಭಾರ ಗುಜರಾತಿನ ದಡಕ್ಕೂ ಬಂದಿಳಿಯಿತು ಎನ್ನುವುದನ್ನು ಮರೆಯಬಾರದು. ಒಂದೇ ಪದರದ ಹಳೆಯ ತೈಲ ಹಡಗುಗಳು ನಿರುಪಯುಕ್ತವಾದಾಗ ಅವುಗಳಲ್ಲಿ ಅನೇಕವು ಕೊನೆಯುಸಿರೆಳೆಯಲು ಬಂದದ್ದು ಭಾವನಗರದ ಬಳಿಯ ಅಲಂಗ್‌ಗೆ. 1983ರಲ್ಲಿ ಆರಂಭವಾದ ಆ ಒಡೆಯುವ ಕಟ್ಟೆಯಲ್ಲಿ ಉಬ್ಬರದ ನೀರಿನೊಂದಿಗೆ ಹಡಗನ್ನು ದಡಕ್ಕೆ ನುಗ್ಗಿಸಿ, ಇಳಿತದಲ್ಲಿ ಕೂಲಿಗಳು ಅದನ್ನು ಕತ್ತರಿಸುತ್ತಾರೆ. ಎಣ್ಣೆ, ಕಲ್ನಾರು, ವಿಷಾನಿಲ, ಬೀಳುವ ತಗಡು, ಎಲ್ಲದರ ನಡುವೆ. ಅವರ ಸುರಕ್ಷತೆಗಾಗಿ ಐಎಂಒ ಹಾಂಗ್‌ಕಾಂಗ್ ಒಪ್ಪಂದ ಮಾಡಿದ್ದು 2009ರಲ್ಲಿ. ಅದು ಜಾರಿಗೆ ಬಂದದ್ದು 2025ರ ಜೂನ್ 26ರಂದು. ಹಡಗಿನ ಒಡಲಿಗೆ ಬೇಗ ಬಂದ ನಿಯಮ ಅದನ್ನು ಒಡೆಯುವವರ ಪಾಲಿಗೆ ಇಷ್ಟು ತಡವಾಗಿ ಬಂತಲ್ಲ ಎಂಬ ಸಂಕಟ ನನ್ನದು.

ಅರ್ದೇಶೀರರ ಕಡೆಗೆ ಮತ್ತೆ ಬರುತ್ತೇನೆ. 1849ರಲ್ಲಿ ಅವರು ಮತ್ತೆ ವಿದೇಶಕ್ಕೆ ಹೋದರು, ಈ ಸಲ ಅಮೆರಿಕಕ್ಕೂ. ಅಲ್ಲಿ ಕಂಡ ಮರ ಕೊಯ್ಯುವ ಯಂತ್ರಗಳು ಮುಂಬಯಿಗೆ ಬಂದವು. ಹೊಲಿಗೆ ಯಂತ್ರವನ್ನು, ಲೋಹಕ್ಕೆ ವಿದ್ಯುತ್ ಲೇಪ ಮಾಡುವ ಕಲೆಯನ್ನು ಆ ನಗರಕ್ಕೆ ತಂದವರೂ ಅವರೇ. 1851ರಲ್ಲಿ ‘ಲವ್‌ಜಿ ಫ್ಯಾಮಿಲಿ’ ಎಂಬ ಉಗಿಹಡಗನ್ನು ನೀರಿಗಿಳಿಸಿದರು. ಅದರ ಯಂತ್ರದ ಭಾಗಗಳೆಲ್ಲ ಅವರ ಸ್ವಂತ ಫೌಂಡ್ರಿಯಲ್ಲೇ ತಯಾರಾದವು. ನೂರಹದಿನೈದು ವರ್ಷಗಳ ಹಿಂದೆ ಹತ್ತು ಜನರೊಂದಿಗೆ ಸೂರತ್ ಬಿಟ್ಟು ಬಂದ ಪೂರ್ವಜನ ಹೆಸರು ಉಗಿಯಂತ್ರದ ಹಡಗಿಗೆ. ಮೊದಲ ರೈಲು ಬೋರಿಬಂದರಿನಿಂದ ಠಾಣೆಗೆ ಓಡಲು ಇನ್ನೂ ಎರಡು ವರ್ಷವಿತ್ತು.

ನಿವೃತ್ತಿಯ ನಂತರ ಇಂಗ್ಲೆಂಡಿನ ರಿಚ್ಮಂಡ್‌ನಲ್ಲಿ ನೆಲೆಸಿದ್ದ ಅವರು 1861ರಲ್ಲಿ ಇಂಡಸ್ ಫ್ಲೊಟಿಲ್ಲಾ ಕಂಪನಿಯ ಸೂಪರಿಂಟೆಂಡಿಂಗ್ ಎಂಜಿನಿಯರ್ ಆಗಿ ಸಿಂಧ್ ಪ್ರಾಂತದ ಕೋಟ್ರಿಗೆ ಬಂದರು. ಆ ವರ್ಷ ಮೇ 13ರಂದು ಕರಾಚಿಯಿಂದ ಕೋಟ್ರಿಗೆ ರೈಲು ಬಂದಿತ್ತು. ಕೋಟ್ರಿಯಿಂದ ಮುಲ್ತಾನದ ಕಡೆಗೆ ನದಿಯ ಮೇಲೆ ಉಗಿದೋಣಿಗಳಲ್ಲಿ ಸರಕು ಸಾಗಿಸುವುದು ಯೋಜನೆ. ಸಿಂಧೂ ಎಂಥ ನದಿ! ಇಂದು ಆಳವಿದ್ದ ಕಡೆ ನಾಳೆ ಮರಳದಿಣ್ಣೆ. ಇಂಗ್ಲೆಂಡಿನಲ್ಲಿ ಕೂತು ನಕ್ಷೆ ಹಾಕಿದ ಹಡಗುಗಳಿಗೆ ಆ ನದಿಯ ತೆಳುನೀರೂ ಸೆಳೆತವೂ ಒಗ್ಗಲಿಲ್ಲ. ಅರ್ದೇಶೀರ್ ಅಲ್ಲಿ ಇದ್ದದ್ದು 1863ರ ಆರಂಭದವರೆಗೆ ಮಾತ್ರ. ಮುಂದೆ 1878ರಲ್ಲಿ ಸಿಂಧೂ ಕಣಿವೆಯ ರೈಲು ಪೂರ್ತಿಯಾದ ಮೇಲೆ ಆ ದೋಣಿಗಳಿಗೆ ಕೆಲಸವೇ ಉಳಿಯಲಿಲ್ಲ.

ಅದೇ 1861ರ ಮೇ 30ರಂದು ಅಹಮದಾಬಾದಿನ ಶಾಹಪುರದಲ್ಲಿ ರಣಛೋಡಲಾಲ್ ಛೋಟಾಲಾಲ್ ಅವರ ನೂಲಿನ ಗಿರಣಿ ಹೊಗೆಯಾಡತೊಡಗಿತು. ಅದರ ಯಂತ್ರಗಳು ಇಂಗ್ಲೆಂಡಿನಿಂದ ಖಂಬಾತ್ ಬಂದರಿಗೆ ಬಂದು, ಅಲ್ಲಿಂದ ಎತ್ತಿನ ಗಾಡಿಗಳ ಮೇಲೆ ಅಹಮದಾಬಾದ್ ಸೇರಿದವು. ಸೂರತ್ತಿನ ಬಡಗಿಗಳ ಮೂಲಕ ಕಡಲಿಗೆ ಹೋಗಿದ್ದ ಉಗಿವಿದ್ಯೆ ಹೀಗೆ ಗುಜರಾತಿನ ಒಳನಾಡಿಗೆ ಬಂತು. ಆದರೆ ಅದನ್ನು ನಡೆಸುವ ಎಂಜಿನಿಯರನನ್ನೂ ಜೊತೆಗೇ ಇಂಗ್ಲೆಂಡಿನಿಂದ ತರಿಸಬೇಕಾಗಿತ್ತು. ಅರ್ದೇಶೀರರಂಥವರು ಇನ್ನಷ್ಟು ಜನ ತಯಾರಾಗಿದ್ದರೆ?

ಆಗಲಿಲ್ಲ. ಕಂಪನಿಯ ಆಳ್ವಿಕೆ ಹೋಗಿ ರಾಣಿಯ ಸರ್ಕಾರ ಬಂದ ಮೇಲೆ ಎಂಜಿನಿಯರುಗಳ ದೊಡ್ಡ ಹುದ್ದೆಗಳಿಗೆ ಜನರನ್ನು ಇಂಗ್ಲೆಂಡಿನಲ್ಲೇ ಆರಿಸುವ ಏರ್ಪಾಡು ಗಟ್ಟಿಯಾಯಿತು. ಭಾರತದ ಲೋಕೋಪಯೋಗಿ ಇಲಾಖೆಗೆ ಅಧಿಕಾರಿಗಳನ್ನು ತಯಾರಿಸಲೆಂದೇ 1870ರ ದಶಕದ ಆರಂಭದಲ್ಲಿ ಲಂಡನ್ನಿನ ಬಳಿ ಕೂಪರ್ಸ್ ಹಿಲ್‌ನಲ್ಲಿ ಕಾಲೇಜು ತೆರೆದರು. ಪುಣೆಯಲ್ಲಿ ಓದಿ ಮೊದಲಿಗರಾಗಿ ಬಂದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬಯಿ ಪ್ರಾಂತದ ಕೆಲಸಕ್ಕೆ ಸೇರಿದ್ದು ಈ ಏರ್ಪಾಡಿನ ಅಡಿಯಲ್ಲಿ. 1890ರ ದಶಕದಲ್ಲಿ ಅವರು ಸೂರತ್ ನಗರದ ಕುಡಿಯುವ ನೀರಿನ ಕೆಲಸಕ್ಕೂ ಹೋಗಿದ್ದರು. ಸಖ್ಖರ್, ಏಡನ್, ಖಡಕವಾಸ್ಲಾ, ಎಲ್ಲೆಡೆ ಹೆಸರು ಮಾಡಿದರೂ ಚೀಫ್ ಎಂಜಿನಿಯರ್ ಹುದ್ದೆ ಭಾರತೀಯನಿಗೆ ಸಿಗುವುದಿಲ್ಲವೆಂದು ಖಚಿತವಾದಾಗ 1908ರಲ್ಲಿ ಸ್ವಯಂ ನಿವೃತ್ತಿ ಪಡೆದರು. ಮರು ವರ್ಷ ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದರು. 1841ರಲ್ಲಿ ಅದೇ ಮುಂಬಯಿಯಲ್ಲಿ, ಬಿಳಿಯರ ಮೇಲೆಯೇ, ಅದೇ ಹೆಸರಿನ ಹುದ್ದೆಯಲ್ಲಿ ಒಬ್ಬ ಭಾರತೀಯ ಕೂತಿದ್ದ ಸಂಗತಿಯನ್ನು ಈ ಎರಡು ಇಸವಿಗಳ ಪಕ್ಕದಲ್ಲಿಟ್ಟು ನೋಡಿ. ಅರವತ್ತೇಳು ವರ್ಷಗಳಲ್ಲಿ ದೇಶ ಮುಂದೆ ಹೋಗುವುದಿರಲಿ, ಹಿಂದೆ ಬಂದಿತ್ತು. ಕಾಲ ಕಳೆದಂತೆ ಅವಕಾಶ ತಾನಾಗಿ ಅಗಲವಾಗುತ್ತದೆ ಎಂಬ ನಮ್ಮ ನಂಬಿಕೆ ಎಷ್ಟು ಸಡಿಲವಾದದ್ದು ಎಂದು ಈ ಲೆಕ್ಕ ನೋಡಿದಾಗಲೆಲ್ಲ ಅನ್ನಿಸುತ್ತದೆ.

ಇನ್ನೊಂದು ಲೆಕ್ಕವೂ ಇದೇ ಕಥೆ ಹೇಳುತ್ತದೆ. 1841ರ ಮೇ 27ರಂದು ಲಂಡನ್ನಿನ ರಾಯಲ್ ಸೊಸೈಟಿ ಅರ್ದೇಶೀರರನ್ನು ಫೆಲೊ ಆಗಿ ಆರಿಸಿತು. ಆ ಗೌರವ ಪಡೆದ ಮೊದಲ ಭಾರತೀಯ ಅವರು. ಎರಡನೆಯವರು ಗಣಿತಜ್ಞ ಶ್ರೀನಿವಾಸ ರಾಮಾನುಜನ್, 1918ರಲ್ಲಿ. ನಡುವೆ ಎಪ್ಪತ್ತೇಳು ವರ್ಷ ಒಬ್ಬರೂ ಇಲ್ಲ. ನಮ್ಮ ಎಷ್ಟೋ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ, ಭಾಷಣಗಳಲ್ಲಿ ರಾಮಾನುಜನ್ನರನ್ನೇ ಮೊದಲಿಗರೆಂದು ಹೇಳುವ ರೂಢಿಯಿದೆ. ರಾಮಾನುಜನ್ನರ ಎತ್ತರಕ್ಕೆ ಈ ತಪ್ಪಿನ ಆಸರೆ ಬೇಕಾಗಿಲ್ಲ. ಶಾಲೆಯ ಪುಸ್ತಕಗಳಲ್ಲಿ ಇದನ್ನು ತಿದ್ದಬೇಕು. ಹತ್ತಿ, ರಾಳ, ಉಳಿಗಳ ಮನೆಯಿಂದ ಬಂದ ಎಂಜಿನಿಯರನೊಬ್ಬ ಆ ಸಾಲಿನ ಮೊದಲಲ್ಲಿ ನಿಂತಿದ್ದಾನೆ ಎಂದು ಐಟಿಐಯಲ್ಲಿ ಫಿಟ್ಟರ್ ಕೆಲಸ ಕಲಿಯುತ್ತಿರುವ ಹುಡುಗನಿಗೆ, ಹುಡುಗಿಗೆ ತಿಳಿಯಬೇಕು. 1969ರ ಮೇ 27ರಂದು ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತ್ತು. ಅರ್ದೇಶೀರ್ 1877ರ ನವೆಂಬರ್ 16ರಂದು ರಿಚ್ಮಂಡ್‌ನಲ್ಲಿ ತೀರಿಕೊಂಡರು.

ಅವರ ವಿದ್ಯೆ ಅವರೊಂದಿಗೇ ಹೋಯಿತು, ಏಕೆಂದರೆ ಅದನ್ನು ಕಲಿಸುವ ಶಾಲೆ ಇರಲಿಲ್ಲ. ಆ ಕೊರತೆಯನ್ನು ಗುಜರಾತಿನಲ್ಲಿ ಮೊದಲು ತುಂಬಲು ಹೊರಟವರಲ್ಲಿ ಇನ್ನೊಬ್ಬ ಸೂರತ್ತಿನವರೇ ಸಿಗುತ್ತಾರೆ: ತ್ರಿಭುವನದಾಸ ಕಲ್ಯಾಣದಾಸ ಗಜ್ಜರ್. ಅವರೂ ಬಡಗಿ ಸಮುದಾಯದವರೇ. ಮಹಾರಾಜ ಸಯಾಜಿರಾವ್ ಗಾಯಕವಾಡರ ಬೆಂಬಲದಿಂದ 1890ರಲ್ಲಿ ವಡೋದರಾದಲ್ಲಿ ಅವರು ಕಲಾಭವನ ತೆರೆದರು. ಅಲ್ಲಿ ಬಣ್ಣಗಾರಿಕೆ, ಯಂತ್ರಶಾಸ್ತ್ರ, ಮರಗೆಲಸವನ್ನು ಗುಜರಾತಿಯಲ್ಲೇ ಕಲಿಸುವ ಏರ್ಪಾಡು. ಅದಕ್ಕಾಗಿ ಪಠ್ಯಗಳನ್ನೂ ಬರೆಸಿದರು. ಕುಶಲಕರ್ಮಿಯ ಮಗ ತಂತ್ರಜ್ಞಾನ ಕಲಿಯುವ ಮೊದಲು ಇಂಗ್ಲಿಷ್ ಕಲಿಯಲೇಬೇಕಾದ ಕಷ್ಟವನ್ನು ತಪ್ಪಿಸುವುದು ಗಜ್ಜರರ ಉದ್ದೇಶ. ಅದೇ ಸಂಸ್ಥೆ ಮುಂದೆ ಬರೋಡಾ ವಿಶ್ವವಿದ್ಯಾಲಯದ ತಂತ್ರಜ್ಞಾನ ವಿಭಾಗವಾಯಿತು. ಮೈಸೂರಿಗೆ ಬಂದ ವಿಶ್ವೇಶ್ವರಯ್ಯನವರು ದಿವಾನರಾದ ಮೇಲೆ 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜನ್ನು ಆರಂಭಿಸಿದ್ದರ ಹಿಂದೆಯೂ, ಪುಣೆ ಮತ್ತು ಮುಂಬಯಿಯಲ್ಲಿ ತಾವೇ ಕಂಡ ಮುಚ್ಚಿದ ಬಾಗಿಲುಗಳಿದ್ದವು ಎಂದು ನನ್ನ ನಂಬಿಕೆ.

ಹಡಗು ಆಡಳಿತಕ್ಕೇ ಮೀಸಲಾದ ಶಾಲೆ ಬರಲು ಇನ್ನೂ ತಡವಾಯಿತು. ಅದನ್ನು ಕಟ್ಟಿಸಿದವರೂ ಭಾರತೀಯರೇ. ಭಾರತೀಯ ಹಡಗು ನಿಗಮವನ್ನು ಆರಂಭದಲ್ಲಿ ನಡೆಸಿದ, ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಕಚೇರಿಯಲ್ಲಿ ದುಡಿದ ಐಎಎಸ್ ಅಧಿಕಾರಿ ಸಿ.ಪಿ. ಶ್ರೀವಾಸ್ತವ 1974ರಿಂದ 1989ರವರೆಗೆ ಐಎಂಒದ ಮಹಾಕಾರ್ಯದರ್ಶಿಯಾಗಿದ್ದರು. ಓನೀಲ್ ಬಂದದ್ದು ಇವರ ನಂತರ. ಹಡಗುಗಳ ನಿಯಮ ಮಾಡುವವರು ಬೆರಳೆಣಿಕೆಯ ಶ್ರೀಮಂತ ದೇಶಗಳವರು, ಆ ನಿಯಮದಡಿ ದುಡಿಯುವವರು ಭಾರತ, ಫಿಲಿಪ್ಪೀನ್ಸ್‌ನಂಥ ದೇಶಗಳ ನಾವಿಕರು ಎಂಬ ಸ್ಥಿತಿ ಅವರ ಕಣ್ಣ ಮುಂದಿತ್ತು. ಅಂಥ ದೇಶಗಳ ಅಧಿಕಾರಿಗಳಿಗೆ ಹಡಗು ತಪಾಸಣೆ, ಬಂದರು, ಸಾಗರ ಕಾನೂನು ಕಲಿಸಲು 1983ರಲ್ಲಿ ಸ್ವೀಡನ್ನಿನ ಮಾಲ್ಮೊ ಊರಿನಲ್ಲಿ ವಿಶ್ವ ಸಾಗರಯಾನ ವಿಶ್ವವಿದ್ಯಾಲಯ ಆರಂಭವಾಗುವಂತೆ ಮಾಡಿದರು. ಬಾಯ್ಲರ್ ಕೋಣೆಯಿಂದ ಬಂದ ಎಂಜಿನಿಯರುಗಳೂ, ಹಡಗಿನ ಕ್ಯಾಪ್ಟನ್ನರೂ, ಸರ್ಕಾರಿ ಕಚೇರಿಯ ಅಧಿಕಾರಿಗಳೂ ಅಲ್ಲಿ ಒಂದೇ ತರಗತಿಯಲ್ಲಿ ಕೂತು, ಒಂದು ಹಡಗನ್ನು ಯಾವಾಗ ಬಂದರಿನಲ್ಲೇ ತಡೆದು ನಿಲ್ಲಿಸಬೇಕು ಎಂಬುದನ್ನು ಕಲಿಯುತ್ತಾರೆ.